ಪೌರತ್ವವಿಲ್ಲದ ಬೋಧಕ: ಯುರೋಪಿನ ಕೆಲವು ಪ್ರಕರಣಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ತಮ್ಮ ತಾಯ್ನುಡಿಯನ್ನು ಅನ್ಯರಿಗೆ ಕಲಿಸಲೆಂದು ಯುರೋಪಿನ ಒಂದು ದೇಶದಿಂದ ಇನ್ನೊಂದಕ್ಕೆ ಹೋದ ಬೋಧಕರ ಇತಿಹಾಸವನ್ನು ಪರಿಶೀಲಿಸುವಾಗ ಮೊದಲನೆಯ ಅರ್ಥವು ಎರಡನೆಯದರೊಳಕ್ಕೆ ಹೇಗೆ ಜಾರುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅವರನ್ನು ಕರೆಸಿಕೊಂಡದ್ದು ಅವರು ಪರದೇಶೀಯರೆಂಬ ಕಾರಣಕ್ಕೆ. ಅವರಿಗೆ ಕಾಯಂ ನೆಲೆಯನ್ನು ನಿರಾಕರಿಸಿದ್ದೂ ಅದೇ ಕಾರಣಕ್ಕೆ. ಈ ವೈರುಧ್ಯವು ನ್ಯಾಯಾಲಯದ ಮೆಟ್ಟಿಲೇರಿದ ಕೆಲವು ಪ್ರಕರಣಗಳನ್ನು ಇಲ್ಲಿ ಪರಾಮರ್ಶಿಸಲಿದ್ದೇವೆ.

ಮಧ್ಯಯುಗದ ಇಟಲಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ವಿದ್ಯಾರ್ಜನೆಗಾಗಿ ಪರಸ್ಥಳಗಳಲ್ಲಿ ಸಂಚರಿಸುವವರಿಗೆ ರಕ್ಷಣೆಯನ್ನು ನೀಡಿದ ಸಾಮ್ರಾಟ ಒಂದನೆಯ ಫ್ರೆಡರಿಕನ ಶಾಸನವು 1158ರಲ್ಲಿ ಸ್ಥಿರಪಟ್ಟಿತು. ಬೊಲೊನ್ಯಾದ ವಿದ್ಯಾರ್ಥಿ ಸಂಘಗಳು ಮೂಲತಃ ಆ ನಗರದ ಪೌರರಲ್ಲದವರ ಸಂಘಗಳು. ಪೌರನಿಗೆ ನಗರದ ಕಾನೂನೇ ಆಸರೆಯಾಗಿದ್ದುದರಿಂದ ಅವನಿಗೆ ಸಂಘದ ಅಗತ್ಯವಿರಲಿಲ್ಲ. 1189ರಲ್ಲಿ ಆ ನಗರವು ತಾವು ಬೇರೆಡೆಗೆ ಹೋಗಿ ಪಾಠ ಹೇಳುವುದಿಲ್ಲವೆಂದು ಅಧ್ಯಾಪಕರಿಂದ ಪ್ರಮಾಣ ಮಾಡಿಸಿಕೊಂಡಿತು. ಅಧ್ಯಾಪಕನು ಬಿಟ್ಟುಹೋದಾನು ಎಂಬುದು ಅಂದಿನ ನಗರದ ಭಯ. ಅವನು ಉಳಿದುಬಿಟ್ಟಾನು ಎಂಬುದು ಇಪ್ಪತ್ತನೆಯ ಶತಮಾನದ ರಾಷ್ಟ್ರದ ಭಯ. ಈ ಎರಡು ಭಯಗಳ ನಡುವಿನ ಅಂತರವೇ ನಮ್ಮ ವಿಷಯ.

ತಾಯ್ನುಡಿಯ ಬೋಧಕನೆಂಬ ವೃತ್ತಿಗೆ ಒಬ್ಬ ಪೂರ್ವಜನನ್ನು ಹುಡುಕುವುದಾದರೆ ಕಾನ್‌ಸ್ಟಾಂಟಿನೋಪಲಿನ ಮಾನ್ಯುಯೆಲ್ ಕ್ರಿಸೊಲೊರಾಸನನ್ನು ಹೆಸರಿಸಬಹುದು. ಫ್ಲಾರೆನ್ಸಿನ ಆಡಳಿತಾಧಿಕಾರಿ ಕೊಲುಚ್ಚೊ ಸಲುತಾತಿಯ ಪ್ರಯತ್ನದಿಂದ ಅವನು 1397ರಲ್ಲಿ ಅಲ್ಲಿ ಗ್ರೀಕ್ ಕಲಿಸಲಾರಂಭಿಸಿದ. ಪ್ಲೇಟೋ, ಅರಿಸ್ಟಾಟಲರನ್ನು ಲ್ಯಾಟಿನ್ನಿಗೆ ತಂದ ಲಿಯೊನಾರ್ಡೊ ಬ್ರೂನಿ ಅವನ ಶಿಷ್ಯರಲ್ಲೊಬ್ಬ. ಪ್ರಶ್ನೋತ್ತರ ರೂಪದ ಅವನ ಗ್ರೀಕ್ ವ್ಯಾಕರಣವು ಪಶ್ಚಿಮ ಯುರೋಪಿನಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿತ್ತು. 1400ರಲ್ಲಿ ಅವನು ಫ್ಲಾರೆನ್ಸನ್ನು ಬಿಟ್ಟ. ಅಲ್ಲಿ ಕಲಿಸಿದ್ದು ಮೂರೇ ವರ್ಷ. ಅದರ ಫಲ ಮಾತ್ರ ಶತಮಾನಗಳದು. ಅವನು ತಾನಾಗಿ ಹೊರಟವನು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇನ್ನು ಆಧುನಿಕ ಕಾಲಕ್ಕೆ ಬರೋಣ. 1957ರ ರೋಮ್ ಒಪ್ಪಂದದ 48ನೆಯ ವಿಧಿಯು ಸದಸ್ಯ ರಾಷ್ಟ್ರಗಳ ನೌಕರರ ನಡುವೆ ಪೌರತ್ವದ ಆಧಾರದ ಮೇಲೆ ಭೇದವೆಣಿಸುವುದನ್ನು ನಿಷೇಧಿಸಿತು. ಆದರೆ ಸರಕಾರಿ ಆಡಳಿತದ ಹುದ್ದೆಗಳಿಗೆ ವಿನಾಯಿತಿಯನ್ನಿತ್ತಿತು. ಹಾಗಾದರೆ ಅಧ್ಯಾಪಕನು ಸರಕಾರಿ ಆಡಳಿತದ ಅಂಗವೇ? ಜರ್ಮನಿಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು ಹೌದೆಂದಿತು. ಫ್ರೈಬುರ್ಗಿನಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಬ್ರಿಟಿಷ್ ಮಹಿಳೆಯೊಬ್ಬರಿಗೆ, ಅವರು ಜರ್ಮನರಲ್ಲವೆಂಬ ಕಾರಣಕ್ಕೆ, ಶಿಕ್ಷಕ ತರಬೇತಿಗೆ ಪ್ರವೇಶ ದೊರೆಯಲಿಲ್ಲ. ಲಾರಿ-ಬ್ಲುಮ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯವು 1986ರ ಜುಲೈ 3ರಂದು ಆ ವಾದವನ್ನು ತಳ್ಳಿಹಾಕಿತು. ಫ್ರಾನ್ಸಿನ ಪ್ರೌಢಶಾಲಾ ಅಧ್ಯಾಪಕರ ನೇಮಕಾತಿ ಪರೀಕ್ಷೆಯ ಬಗ್ಗೆ 1991ರಲ್ಲಿ ಬಂದ ಬ್ಲೈಸ್ ತೀರ್ಪೂ ಇದೇ ಬಗೆಯದು. ತತ್ತ್ವತಃ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆಚರಣೆಯಲ್ಲಿ ಮುಗಿಯಲಿಲ್ಲವೆಂಬುದಕ್ಕೆ ಇಟಲಿಯೇ ಸಾಕ್ಷಿ.

ಇಟಲಿಯ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಭಾಷೆಗಳನ್ನು ಕಲಿಸುವ ತಾಯ್ನುಡಿಗರಿಗೆ ‘ಲೆತ್ತೋರಿ’ ಎಂದು ಹೆಸರು. ‘ಓದುವವರು’ ಎಂಬುದು ಪದಶಃ ಅರ್ಥ. 1980ರ 382ನೆಯ ಅಧ್ಯಾದೇಶದ 28ನೆಯ ವಿಧಿಯಂತೆ ಅವರ ಕರಾರು ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಅದನ್ನು ವರ್ಷ ವರ್ಷವೂ ನವೀಕರಿಸಬಹುದಾದರೂ ಒಟ್ಟು ಐದು ವರ್ಷ ಮೀರುವಂತಿರಲಿಲ್ಲ. ವೆನಿಸ್ಸಿನಲ್ಲಿ ಆ ಮಿತಿಯನ್ನು ಮುಟ್ಟಿದ ಇಬ್ಬರು ಬೋಧಕಿಯರು, ಒಬ್ಬರು ಸ್ಪೇನಿನವರು, ಇನ್ನೊಬ್ಬರು ಬ್ರಿಟಿಷ್ ಪ್ರಜೆ, ನ್ಯಾಯಾಲಯಕ್ಕೆ ಹೋದರು. ಇದೇ ಅಲ್ಲುಯೆ ಪ್ರಕರಣ. ಕಾನೂನಿನಲ್ಲಿ ‘ವಿದೇಶೀಯ’ ಎಂಬ ಮಾತಿರಲಿಲ್ಲ. ಮಿತಿಯು ಹುದ್ದೆಗೆ ಸಂಬಂಧಿಸಿದ್ದೇ ಹೊರತು ವ್ಯಕ್ತಿಯ ಪೌರತ್ವಕ್ಕಲ್ಲ ಎಂಬಂತೆ ತೋರುತ್ತಿತ್ತು. ಆದರೆ ಆ ಹುದ್ದೆಗಳಲ್ಲಿದ್ದ ಇಟಾಲಿಯನರು ನೂರಕ್ಕೆ 25 ಮಾತ್ರ. ಇತರ ನೌಕರರಿಗಿಲ್ಲದ ಮಿತಿಯನ್ನು ಬಹುಪಾಲು ಪರದೇಶೀಯರೇ ಇರುವ ಒಂದು ವರ್ಗಕ್ಕೆ ವಿಧಿಸುವುದು ಮರೆಯ ಭೇದಭಾವವೇ ಎಂದು 1989ರ ಮೇ 30ರ ತೀರ್ಪು ಸಾರಿತು. ವಾರ್ಷಿಕ ಕರಾರೂ ಒಪ್ಪಂದಕ್ಕೆ ವಿರುದ್ಧವೆಂಬ ನಿರ್ಣಯ 1993ರ ಆಗಸ್ಟಿನಲ್ಲಿ ಬಂದಿತು.

ಈ ಪ್ರಕರಣದಲ್ಲಿ ಇಟಲಿಯ ಪರವಾಗಿ ಮಂಡಿತವಾದ ಒಂದು ವಾದವನ್ನು ನಾವು ಬಿಡಿಸಿ ನೋಡಬೇಕಾಗಿದೆ. ತಾಯ್ನಾಡಿನಿಂದ ಬಹುಕಾಲ ದೂರವಿರುವ ಬೋಧಕನ ನುಡಿಯು ತನ್ನ ತಾಜಾತನವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬೋಧಕರನ್ನು ಆಗಾಗ ಬದಲಾಯಿಸುತ್ತಿರಬೇಕು ಎಂಬುದು ಅದರ ಸಾರ. ಜರ್ಮನಿಯ ಉನ್ನತ ಶಿಕ್ಷಣ ಕಾನೂನೂ ಇದೇ ತರ್ಕವನ್ನು ಅವಲಂಬಿಸಿತ್ತು. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ದುಡಿದ ನಮಗೆ ಈ ಧ್ವನಿ ಅಪರಿಚಿತವಲ್ಲ. ಮುಂಬಯಿಯ ಕನ್ನಡ, ಹೈದರಾಬಾದಿನ ಕನ್ನಡ ಎಂದು ತುಟಿಯಂಚಿನಲ್ಲಿ ನಗುತ್ತ ಹೇಳುವವರನ್ನು ನಾವು ಕಂಡಿದ್ದೇವೆ. ಭಾಷೆಯೇನು ಸಂತೆಯಿಂದ ತಂದ ಸೊಪ್ಪೇ, ಸಂಜೆಯೊಳಗೆ ಬಾಡಲು? ನ್ಯಾಯಾಲಯದ ಉತ್ತರ ಇಷ್ಟು ವ್ಯಂಗ್ಯದ್ದಲ್ಲ, ಆದರೆ ದೃಢವಾದುದು. ಸಾಂಸ್ಕೃತಿಕ ವಿನಿಮಯವೂ ಸಂಪರ್ಕ ಸಾಧನಗಳೂ ಹೆಚ್ಚಿರುವಾಗ ತಾಯ್ನುಡಿಯ ನಂಟು ಕಡಿಯುವ ಅಪಾಯ ಅಲ್ಪವೆಂದೂ, ಬೋಧಕರ ಭಾಷಾಜ್ಞಾನವನ್ನು ಪರೀಕ್ಷಿಸಲು ವಿಶ್ವವಿದ್ಯಾಲಯಕ್ಕೆ ಬೇರೆ ದಾರಿಗಳಿವೆಯೆಂದೂ ಅದು ಹೇಳಿತು. 1993ರ ಅಕ್ಟೋಬರಿನಲ್ಲಿ, ಬವೇರಿಯದ ವಿರುದ್ಧ ಇಟಾಲಿಯನ್ ಬೋಧಕಿಯೊಬ್ಬರು ಹೂಡಿದ ಸ್ಪೊತ್ತಿ ಪ್ರಕರಣದಲ್ಲಿ, ಜರ್ಮನ್ ಕಾನೂನಿನ ಆ ತರ್ಕವೂ ಬಿದ್ದುಹೋಯಿತು.

ಗೆದ್ದ ಮೇಲೆ ಇಟಲಿಯ ಬೋಧಕರಿಗೆ ದೊರೆತದ್ದೇನು? 1995ರ ಕಾನೂನು ಸಾಮಾನ್ಯವಾಗಿ ಅವಧಿಯ ಮಿತಿಯಿಲ್ಲದ ಕರಾರನ್ನು ನೀಡಿತು, ಜೊತೆಗೆ ಹೊಸ ಹೆಸರನ್ನೂ. ಲೆತ್ತೋರಿಗಳು ‘ಭಾಷಾ ಸಹಕಾರಿಗಳು ಮತ್ತು ತಜ್ಞರು’ ಆದರು. ಹೆಸರಿನೊಡನೆ ಹಿಂದಿನ ಸೇವಾವಧಿಯೂ ಕರಗಿಹೋಗುವ ಸ್ಥಿತಿ ಬಂದಿತು. ಹಳೆಯ ವರ್ಷಗಳ ಸೇವೆಯನ್ನು ವೇತನ, ಜ್ಯೇಷ್ಠತೆ ಮತ್ತು ಪಿಂಚಣಿಗಳಿಗೆ ಸರಿಯಾಗಿ ಲೆಕ್ಕಕ್ಕೆ ಹಿಡಿಯದ ಕಾರಣ 2001ರ ಜೂನ್ 26ರಂದು ನ್ಯಾಯಾಲಯವು ಮತ್ತೆ ಇಟಲಿಯನ್ನು ತಪ್ಪಿತಸ್ಥವೆಂದಿತು. ಬಸಿಲಿಕಾತ, ಮಿಲಾನ್, ಪಲೆರ್ಮೊ, ಪೀಸಾ, ರೋಮಿನ ಲಾ ಸಪಿಯೆಂಜಾ ಮತ್ತು ನೇಪಲ್ಸಿನ ಪ್ರಾಚ್ಯ ವಿದ್ಯಾಸಂಸ್ಥೆಗಳು ಆ ವ್ಯಾಜ್ಯದಲ್ಲಿದ್ದವು. ಪೂರ್ವದ ಭಾಷೆಗಳ ಅಧ್ಯಯನಕ್ಕೆಂದೇ ಹೆಸರಾದ ಸಂಸ್ಥೆಯ ಹೆಸರನ್ನು ಈ ಪಟ್ಟಿಯಲ್ಲಿ ಓದುವಾಗ ಖೇದವೆನಿಸುತ್ತದೆ. 2004ರ 63ನೆಯ ಕಾನೂನು ಮೊದಲ ನೇಮಕಾತಿಯ ದಿನದಿಂದಲೇ ಅರೆಕಾಲಿಕ ಸಂಶೋಧಕರಿಗೆ ಸಮನಾದ ವೇತನಕ್ಕೆ ಅವಕಾಶ ಕಲ್ಪಿಸಿತು. ಅದನ್ನು ಗಮನಿಸಿಯೇ ನ್ಯಾಯಾಲಯವು 2006ರಲ್ಲಿ, ಇಟಲಿ ಗಡುವನ್ನು ಮೀರಿದೆಯೆಂದು ಹೇಳಿದರೂ, ದಂಡವನ್ನು ವಿಧಿಸಲಿಲ್ಲ. ಆದರೆ 2010ರ ಡಿಸೆಂಬರಿನಲ್ಲಿ ಬಂದ 240ನೆಯ ಕಾನೂನು ಹಿಂದಿನ ಕಾನೂನಿಗೆ ಹೊಸ ವ್ಯಾಖ್ಯಾನವನ್ನು ಕೊಟ್ಟು, ಬಾಕಿಯಿದ್ದ ಮೊಕದ್ದಮೆಗಳನ್ನೇ ಮುಕ್ತಾಯಗೊಳಿಸಿತು. ವ್ಯಾಖ್ಯಾನದ ಶಕ್ತಿಯನ್ನು ಬಲ್ಲ ನಾವು ಟೀಕಾಕಾರರು ಮೂಲಪಠ್ಯವನ್ನು ಹೀಗೆ ಇಲ್ಲವಾಗಿಸಿದ್ದನ್ನು ಕಂಡದ್ದು ಕಡಿಮೆ. ಯುರೋಪಿಯನ್ ಆಯೋಗವು 2021ರಲ್ಲಿ ಹೊಸ ಕ್ರಮವನ್ನು ಆರಂಭಿಸಿ, 2023ರ ಜುಲೈಯಲ್ಲಿ ಇಟಲಿಯನ್ನು ಮತ್ತೊಮ್ಮೆ ನ್ಯಾಯಾಲಯಕ್ಕೆ ಎಳೆಯಿತು. ಮೊದಲ ತೀರ್ಪಿನಿಂದ ಅಲ್ಲಿಗೆ 34 ವರ್ಷ. 1980ರಲ್ಲಿ ತರುಣರಾಗಿ ಸೇರಿದವರು ಅಷ್ಟರಲ್ಲಿ ನಿವೃತ್ತಿಯ ವಯಸ್ಸನ್ನು ದಾಟಿದ್ದರು.

ಪರದೇಶಿಯ ಪರವಾದ ತೀರ್ಪುಗಳನ್ನಷ್ಟೇ ಹೇಳಿದರೆ ಚಿತ್ರ ಅಪೂರ್ಣ. ಡಬ್ಲಿನ್ನಿನಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದ ಡಚ್ ಬೋಧಕಿಯೊಬ್ಬರು ಐರಿಷ್ ಭಾಷೆಯ ಮೌಖಿಕ ಪರೀಕ್ಷೆಯಲ್ಲಿ ಅನುತ್ತೀರ್ಣರಾದುದರಿಂದ ಕಾಯಂ ಹುದ್ದೆಯನ್ನು ಪಡೆಯಲಿಲ್ಲ. ಅವರು ಪಾಠ ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೂ 1989ರ ನವೆಂಬರ್ 28ರ ಗ್ರೋನರ್ ತೀರ್ಪು ಐರ್ಲೆಂಡಿನ ನಿಯಮವನ್ನು ಎತ್ತಿಹಿಡಿಯಿತು. ರಾಷ್ಟ್ರಭಾಷೆಯನ್ನು ಪೋಷಿಸುವ ನೀತಿಯಲ್ಲಿ ಅಧ್ಯಾಪಕನಿಗೂ ಪಾತ್ರವಿದೆ. ಆದರೆ ನಿರೀಕ್ಷೆಯು ಮಿತಿಮೀರಬಾರದು, ಭಾಷೆಯನ್ನು ಆ ನೆಲದಲ್ಲಿಯೇ ಕಲಿತಿರಬೇಕೆಂದು ಒತ್ತಾಯಿಸಲೂಬಾರದು ಎಂಬುದು ಅದರ ನಿಲುವು. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ನೆಲದ ನುಡಿಯನ್ನು ಕಲಿಯಿರೆಂದು ಕೇಳುವುದಕ್ಕೂ ನೀವು ಈ ನೆಲದವರಲ್ಲವೆಂದು ಹೊರಗಿಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಬೋಧಕನು ಪ್ರಯತ್ನದಿಂದ ಪೂರೈಸಬಲ್ಲ. ಎರಡನೆಯದಕ್ಕೆ ಅವನಲ್ಲಿ ಉತ್ತರವಿಲ್ಲ.

ಕೊನೆಯದಾಗಿ ಒಂದು ಸಂಗತಿಯನ್ನು ಗಮನಿಸಬೇಕು. ಮೇಲಿನ ತೀರ್ಪುಗಳೆಲ್ಲ ಸದಸ್ಯ ರಾಷ್ಟ್ರಗಳ ಪ್ರಜೆಗಳನ್ನು ಕುರಿತವು. ಭಾರತದಿಂದ ಹೋಗುವ ಬೋಧಕನು ಆ ಛಾವಣಿಯ ಹೊರಗಿದ್ದಾನೆ. ಹೆಚ್ಚಿನ ಸದಸ್ಯ ರಾಷ್ಟ್ರಗಳಲ್ಲಿ ಐದು ವರ್ಷಗಳ ಕಾನೂನುಬದ್ಧ, ನಿರಂತರ ವಾಸದ ಬಳಿಕ ಅವನಿಗೆ ಕೆಲವು ಸಮಾನ ಹಕ್ಕುಗಳನ್ನು ಕೊಡುವ ನಿರ್ದೇಶವು 2003ರಲ್ಲಿ ಬಂದಿತು. ಇಟಲಿಯ ಹಳೆಯ ಕಾನೂನು ಬೋಧಕನನ್ನು ಹೊರಗೆ ಕಳುಹಿಸುತ್ತಿದ್ದುದೂ ಐದು ವರ್ಷಗಳಿಗೇ. ಬ್ರಿಟನ್ 2020ರ ಜನವರಿಯಲ್ಲಿ ಒಕ್ಕೂಟವನ್ನು ತೊರೆದು, ಅದೇ ವರ್ಷದ ಕೊನೆಗೆ ಸಂಕ್ರಮಣ ಅವಧಿಯೂ ಮುಗಿದ ಮೇಲೆ, ಹೊಸದಾಗಿ ಹೋಗುವ ಬ್ರಿಟಿಷ್ ಅಧ್ಯಾಪಕರ ಸ್ಥಾನವೂ ಆ ಛಾವಣಿಯ ಹೊರಗೇ; 1986ರಲ್ಲಿ ಬಾಗಿಲು ತೆರೆಸಿದ್ದು ಅವರದೇ ದೇಶದ ಒಬ್ಬ ಶಿಕ್ಷಕಿ.