ಟ್ರ್ಯಾಕ್ ಡೇಗೆ ಬೈಕ್ ಟೈರ್: ಯಾವುದು ಹಾಕಿಸಬೇಕು, ಯಾವುದು ಬೇಡ? ಇಲ್ಲಿದೆ ಪೂರ್ತಿ ಮಾಹಿತಿ

ಕೋಲಾರ: ಆರ್‌ಸಿ 390, ಆರ್15, ಅಪಾಚೆ ಆರ್‌ಆರ್ 310 ಥರದ ಬೈಕ್ ಇಟ್ಕೊಂಡಿರೋ ನಮ್ಮ ಜಿಲ್ಲೆಯ ಹುಡುಗರಿಗೆ ಟ್ರ್ಯಾಕ್ ಡೇ ಅನ್ನೋದು ಈಗ ಹೊಸ ಮಾತಲ್ಲ. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಶ್ರೀಪೆರಂಬದೂರು ಕಡೆ ಹೋದರೆ ಇರುಂಗಾಟ್ಟುಕೋಟ್ಟೈನಲ್ಲಿ ಮದ್ರಾಸ್ ರೇಸ್ ಟ್ರ್ಯಾಕ್ ಸಿಗುತ್ತೆ. ಕೋಲಾರದಿಂದ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳಗ್ಗೆ ಬೇಗ ಹೊರಟು ಅದೇ ದಿನ ರಾತ್ರಿ ವಾಪಸ್ ಬರೋರೂ ಇದ್ದಾರೆ.

ಹೋಗೋ ಮುಂಚೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಯಾವ ಟೈರ್ ಹಾಕಿಸಲಿ? "ಎಲ್ಲಕ್ಕಿಂತ ಜಾಸ್ತಿ ಗ್ರಿಪ್ ಇರೋದು ಹಾಕ್ಸು ಗುರು" ಅನ್ನೋ ಉತ್ತರ ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಅದು ಅರ್ಧ ಉತ್ತರ. ಟ್ರ್ಯಾಕ್‌ನಲ್ಲಿ ನಿಮ್ಮನ್ನ ಕಾಪಾಡೋ ಟೈರ್ ವಾಪಸ್ ಬರೋವಾಗ ನಂಗಲಿ ಹತ್ರ ಮಳೆಯಲ್ಲಿ ಬೀಳಿಸಬಹುದು. ಹಾಗಾಗಿ ದುಡ್ಡು ಹಾಕೋ ಮುಂಚೆ ತಿಳ್ಕೋಬೇಕಾದ್ದನ್ನ ಒಂದೇ ಕಡೆ ಕೊಟ್ಟಿದ್ದೇವೆ.

ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ

ಟ್ರ್ಯಾಕ್ ಡೇಯಲ್ಲಿ ಫಸ್ಟ್, ಸೆಕೆಂಡ್ ಅಂತ ಬಹುಮಾನ ಇರಲ್ಲ. ಶುಲ್ಕ ಕಟ್ಟಿ, ಲೆದರ್ ಸೂಟ್, ಒಳ್ಳೆ ಹೆಲ್ಮೆಟ್, ಗ್ಲೌಸ್, ಬೂಟ್ ಹಾಕ್ಕೊಂಡು ನಿಮ್ಮ ಬೈಕನ್ನ ಟ್ರ್ಯಾಕ್‌ನಲ್ಲಿ ಓಡಿಸೋದು. ಸಾಮಾನ್ಯವಾಗಿ 15ರಿಂದ 20 ನಿಮಿಷದ ಸರದಿ, ನಡುವೆ ವಿಶ್ರಾಂತಿ, ಆಮೇಲೆ ಮತ್ತೊಂದು ಸರದಿ. ಎದುರಿಂದ ಲಾರಿ ಬರಲ್ಲ, ನಾಯಿ ಅಡ್ಡ ಬರಲ್ಲ, ತಿರುವಿನಲ್ಲಿ ಜಲ್ಲಿ ಬಿದ್ದಿರಲ್ಲ.

ಮದ್ರಾಸ್ ಟ್ರ್ಯಾಕ್ ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದನ್ನ ನಡೆಸುತ್ತೆ. ಕೊಯಮತ್ತೂರು ಹತ್ತಿರ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಅದು ಇದಕ್ಕಿಂತ ಚಿಕ್ಕದು. ಫಾರ್ಮುಲಾ ಒನ್ ನಡೆದಿದ್ದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ., ಆದ್ರೆ ನಮಗೆ ದೂರ. ನಮ್ಮ ಕಡೆಯವರಿಗೆ ಹತ್ತಿರ ಅಂದ್ರೆ ಮದ್ರಾಸೇ.

ಗ್ರಿಪ್ ಎಲ್ಲಿಂದ ಬರುತ್ತೆ?

ಟೈರ್ ಮೇಲಿರೋ ಗೆರೆಗಳಿಂದ ಗ್ರಿಪ್ ಬರುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಒಣ ರಸ್ತೆಯಲ್ಲಿ ಅದು ನಿಜ ಅಲ್ಲ. ಗೆರೆಗಳ ಮುಖ್ಯ ಕೆಲಸ ನೀರನ್ನ ಹೊರಗೆ ತಳ್ಳೋದು. ಒಣ ನೆಲದಲ್ಲಿ ಹಿಡಿತ ಕೊಡೋದು ರಬ್ಬರ್. ಅದು ಮೆತ್ತಗಾಗಿ ಡಾಂಬರಿನ ಸಣ್ಣ ಸಣ್ಣ ಉಬ್ಬು ತಗ್ಗುಗಳಿಗೆ ಇಳಿದು ಹಿಡ್ಕೊಳುತ್ತೆ. ಅದಕ್ಕೇ ರೇಸ್ ಸ್ಲಿಕ್ ಟೈರ್‌ಗೆ ಗೆರೆನೇ ಇರಲ್ಲ. ಗೆರೆ ಕಮ್ಮಿ ಆದಷ್ಟೂ ನೆಲಕ್ಕೆ ತಾಗೋ ರಬ್ಬರ್ ಜಾಸ್ತಿ.

ಆದ್ರೆ ರಬ್ಬರ್ ಮೆತ್ತಗಾಗೋಕೆ ಬಿಸಿ ಬೇಕು. ಪ್ರತಿ ರಬ್ಬರ್ ಮಿಶ್ರಣಕ್ಕೂ ಇಷ್ಟರಿಂದ ಇಷ್ಟು ಡಿಗ್ರಿ ಒಳಗೆ ಕೆಲಸ ಮಾಡೋ ಹಾಗೆ ಒಂದು ಲೆಕ್ಕ ಇರುತ್ತೆ. ರಸ್ತೆ ಟೈರ್ ತಣ್ಣಗಿದ್ರೂ ತಕ್ಕಮಟ್ಟಿಗೆ ಹಿಡಿಯುತ್ತೆ. ರೇಸ್ ಟೈರ್ ಹಾಗಲ್ಲ, ತಣ್ಣಗಿದ್ದಾಗ ಅದು ಸೋಪಿನ ಥರ. ರೇಸ್ ತಂಡದವರು ಅದಕ್ಕೇ ಟೈರ್‌ಗೆ ಕರೆಂಟ್ ಕಂಬಳಿ ಸುತ್ತಿ 80 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ ಬಿಡ್ತಾರೆ. ಆ ಕಂಬಳಿ ನಮ್ಮ ಹತ್ರ ಇರಲ್ಲ, ಇದ್ರೂ ಪಿಟ್‌ನಲ್ಲಿ ಕರೆಂಟ್, ಸ್ಟ್ಯಾಂಡ್ ಎಲ್ಲಾ ಬೇಕು.

ಇನ್ನೊಂದು ವಿಷಯ. ಟೈರ್ ಬಿಸಿ ಆಗೋದು ಬ್ರೇಕ್, ಆಕ್ಸಿಲರೇಟರ್, ತಿರುವಿನ ಒತ್ತಡದಿಂದ. ಸುಮಾರು 18 ಹಾರ್ಸ್‌ಪವರ್‌ನ ಆರ್15ನಲ್ಲಿ ಹೊಸಬರು ಓಡಿಸಿದ್ರೆ ರೇಸ್ ಟೈರ್ ಅದರ ಶಾಖಕ್ಕೆ ಮುಟ್ಟೋದೇ ಕಷ್ಟ. ಅಂದ್ರೆ ದುಬಾರಿ ಟೈರ್ ಹಾಕಿಸಿ, ಮಾಮೂಲಿ ಟೈರ್‌ಗಿಂತ ಕಮ್ಮಿ ಗ್ರಿಪ್‌ನಲ್ಲಿ ಓಡಿಸಿದ ಹಾಗೆ ಆಗುತ್ತೆ.

ಟೈರ್‌ನಲ್ಲಿ ನಾಲ್ಕು ಬಗೆ

1. ಟೂರಿಂಗ್ ಟೈರ್: ಜಾಸ್ತಿ ದಿನ ಬಾಳಿಕೆ, ಮಳೆಯಲ್ಲಿ ಒಳ್ಳೆ ಹಿಡಿತ. ಮಿಷೆಲಿನ್ ರೋಡ್ 5 ಇದೇ ಗುಂಪಿನದು. ಮೊದಲ ಸಲ ಟ್ರ್ಯಾಕ್‌ಗೆ ಹೋಗೋರಿಗೆ ಟೈರ್ ಹೊಸದಿದ್ರೆ ಇದೂ ಸಾಕಾಗುತ್ತೆ.

2. ಸ್ಪೋರ್ಟ್ ರೋಡ್ ಟೈರ್: ರಸ್ತೆಗೂ ಸೈ, ಟ್ರ್ಯಾಕ್‌ಗೂ ಸೈ. ಪಿರೆಲ್ಲಿ ಡಯಾಬ್ಲೊ ರೋಸ್ಸೊ ಸಾಲಿನ ಟೈರ್, ಮೆಟ್ಜೆಲರ್ ಸ್ಪೋರ್ಟೆಕ್, ನಮ್ಮ ದೇಶದವರದ್ದೇ ಆದ ಅಪೊಲೊ ಆಲ್ಫಾ ಎಚ್1, ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಎಕ್ಸ್‌ಟ್ರೀಮ್ ಇವೆಲ್ಲಾ ಈ ಗುಂಪಿಗೆ ಬರ್ತವೆ. ಬೇಗ ಬಿಸಿ ಆಗ್ತವೆ. ಕೆಲವು ಟೈರ್‌ಗಳಲ್ಲಿ ನಡುವೆ ಗಟ್ಟಿ ರಬ್ಬರ್, ಅಂಚಿನಲ್ಲಿ ಮೆತ್ತನೆ ರಬ್ಬರ್ ಇರುತ್ತೆ. ನೇರ ರಸ್ತೆಯಲ್ಲಿ ಬೇಗ ಸವೆಯಲ್ಲ, ಬೈಕ್ ಮಲಗಿಸಿದಾಗ ಹಿಡಿತ ಸಿಗುತ್ತೆ.

3. ರಸ್ತೆಗೆ ಅನುಮತಿ ಇರೋ ಟ್ರ್ಯಾಕ್ ಟೈರ್: ಪಿರೆಲ್ಲಿ ಡಯಾಬ್ಲೊ ಸೂಪರ್‌ಕೊರ್ಸಾ ಎಸ್‌ಪಿ ಥರದ್ದು. ಗೆರೆ ತೀರಾ ಕಮ್ಮಿ, ಅಂಚು ಪೂರ್ತಿ ಬೋಳು. ಒಣ ಟ್ರ್ಯಾಕ್‌ನಲ್ಲಿ ಅದ್ಭುತ. ತಣ್ಣನೆ ಬೆಳಗ್ಗೆ, ಮಳೆ ರಸ್ತೆಯಲ್ಲಿ ನಂಬೋಕಾಗಲ್ಲ. ಬೇಗ ಸವೆಯುತ್ತೆ.

4. ಸ್ಲಿಕ್: ಟ್ರ್ಯಾಕ್‌ಗೆ ಮಾತ್ರ. ಹೆದ್ದಾರಿ ಬಳಕೆಗೆ ಅಲ್ಲ ಅಂತ ಸೈಡ್‌ವಾಲ್ ಮೇಲೇ ಬರೆದಿರುತ್ತೆ. ರಸ್ತೆಗೆ ಇಳಿಸೋದು ಕಾನೂನಿನ ಪ್ರಕಾರವೂ ತಪ್ಪು, ಜೀವಕ್ಕೂ ಅಪಾಯ.

ಬೈಕ್ ಓಡಿಸ್ಕೊಂಡು ಹೋಗ್ತೀರಾ, ಗಾಡಿಯಲ್ಲಿ ಹಾಕ್ಕೊಂಡು ಹೋಗ್ತೀರಾ?

ಆಯ್ಕೆ ನಿಜವಾಗಿ ನಿಂತಿರೋದು ಈ ಪ್ರಶ್ನೆ ಮೇಲೆ. ಬೆಂಗಳೂರಿನ ಕೆಲವರು ಬೈಕನ್ನ ಟೆಂಪೋದಲ್ಲಿ ಹಾಕ್ಕೊಂಡು ಹೋಗ್ತಾರೆ. ನಮ್ಮ ಕಡೆಯವರು ಜಾಸ್ತಿ ಜನ ಓಡಿಸ್ಕೊಂಡೇ ಹೋಗೋದು. ಹೋಗ್ತಾ ಬರ್ತಾ 400 ಕಿ.ಮೀ.ಗೂ ಜಾಸ್ತಿ ಹೆದ್ದಾರಿ. ದಿನವೆಲ್ಲಾ ಓಡಿಸಿ ಕೈ ಸೋತಿರುತ್ತೆ, ವಾಪಸ್ ಬರೋವಾಗ ಕತ್ತಲೆ. ಟೈಲ್ ಲೈಟ್ ಇಲ್ಲದ ಟ್ರ್ಯಾಕ್ಟರ್ ಮುಂದೆ ಇರುತ್ತೆ. ಅಕ್ಟೋಬರ್, ನವೆಂಬರ್ ಆದ್ರೆ ಚೆನ್ನೈ ಕಡೆ ಹಿಂಗಾರು ಮಳೆ ಬೇರೆ.

ಹಾಗಾಗಿ ಓಡಿಸ್ಕೊಂಡು ಹೋಗೋರಿಗೆ ಎರಡನೇ ಬಗೆಯ ಸ್ಪೋರ್ಟ್ ರೋಡ್ ಟೈರೇ ಸರಿ. ಅದಕ್ಕಿಂತ ಮೇಲೆ ಹೋಗಬೇಡಿ. ಬೈಕನ್ನ ಗಾಡಿಯಲ್ಲಿ ಸಾಗಿಸೋರು, ನಾಲ್ಕೈದು ಸಲ ಟ್ರ್ಯಾಕ್ ನೋಡಿದೋರು, ಈಗಿರೋ ಟೈರ್ ಅಂಚಿನವರೆಗೂ ಸವೆಸ್ತಾ ಇರೋರು ಮೂರನೇ ಬಗೆಗೆ ಹೋಗಬಹುದು. ಸ್ಲಿಕ್ ಬೇಕಾಗೋದು ಪ್ರತಿ ಸುತ್ತಿನ ಸಮಯ ಬರೆದಿಟ್ಟುಕೊಳ್ಳೋ ಮಟ್ಟಕ್ಕೆ ಬಂದಮೇಲೆ.

ಅಳತೆ ಬದಲಾಯಿಸಬೇಡಿ

ಹಿಂದಿನ ಟೈರ್ ದಪ್ಪ ಇದ್ರೆ ಗ್ರಿಪ್ ಜಾಸ್ತಿ ಅನ್ನೋದು ನಮ್ಮಲ್ಲಿ ದೊಡ್ಡ ನಂಬಿಕೆ. 140 ಇರೋ ಕಡೆ 150, 150 ಇರೋ ಕಡೆ 160 ಹಾಕಿಸ್ತಾರೆ. ರಿಮ್ ಅಗಲ ಅಷ್ಟೇ ಇರುತ್ತಲ್ಲ? ದಪ್ಪ ಟೈರನ್ನ ಸಣ್ಣ ರಿಮ್‌ಗೆ ಕೂರಿಸಿದಾಗ ಟೈರ್ ಎರಡೂ ಕಡೆಯಿಂದ ಅದುಮಿದ ಹಾಗಾಗಿ ಅದರ ಆಕಾರ ಕೆಡುತ್ತೆ. ತಿರುವಿನಲ್ಲಿ ನೆಲಕ್ಕೆ ತಾಗಬೇಕಾದ ಭಾಗ ಸರಿಯಾಗಿ ತಾಗಲ್ಲ. ಬೈಕ್ ತಿರುಗೋದೂ ನಿಧಾನ ಆಗುತ್ತೆ. ಆರ್‌ಸಿ 390ಗೆ ಮುಂದೆ 110/70, ಹಿಂದೆ 150/60, ಎರಡೂ 17 ಇಂಚು. ಅದನ್ನೇ ಇಟ್ಕೊಳ್ಳಿ.

ಅಳತೆ ನಡುವೆ 'ಆರ್' ಅಂತ ಇದ್ರೆ ಅದು ರೇಡಿಯಲ್ ಟೈರ್. ಅಡ್ಡಗೆರೆ ಇದ್ರೆ ಬಯಾಸ್ ಟೈರ್. ಕೆಲವು ಬೈಕ್‌ಗಳಲ್ಲಿ ಕಂಪನಿಯವರೇ ಮುಂದೆ ಬಯಾಸ್, ಹಿಂದೆ ರೇಡಿಯಲ್ ಕೊಟ್ಟಿರ್ತಾರೆ, ಅದು ಸರಿ. ಅದನ್ನ ಉಲ್ಟಾ ಮಾಡಿ ಮುಂದೆ ಮಾತ್ರ ರೇಡಿಯಲ್ ಹಾಕಿಸೋದು ಬೇಡ. ಸಾಧ್ಯ ಆದ್ರೆ ಎರಡೂ ಒಂದೇ ಕಂಪನಿಯ ಒಂದೇ ಮಾದರಿ ಜೋಡಿ ಹಾಕಿಸಿ. ದುಡ್ಡಿಲ್ಲ ಅಂತ ಹಿಂದೆ ಹೊಸದು, ಮುಂದೆ ಸವೆದದ್ದು ಇಟ್ಕೊಂಡು ಟ್ರ್ಯಾಕ್‌ಗೆ ಹೋಗೋರಿದ್ದಾರೆ. ಹಿಂದಿನ ಟೈರ್ ಜಾರಿದ್ರೆ ಎಷ್ಟೋ ಸಲ ಬೈಕ್ ಹತೋಟಿಗೆ ಬರುತ್ತೆ. ಮುಂದಿನದು ಜಾರಿದ್ರೆ ನೆಲವೇ ಗತಿ.

ಅಂಗಡಿಯಲ್ಲಿ ಸೈಡ್‌ವಾಲ್ ಓದಿ

ಸೈಡ್‌ವಾಲ್ ಮೇಲೆ ಚಿಕ್ಕ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3524 ಅಂದ್ರೆ 2024ರ 35ನೇ ವಾರ ತಯಾರಾಗಿದ್ದು. ಈ ಅಳತೆಯ ಟೈರ್ ಸಣ್ಣ ಊರಲ್ಲಿ ಕಮ್ಮಿ ಮಾರಾಟ ಆಗೋದ್ರಿಂದ ಹಳೇ ಮಾಲು ವರ್ಷಗಟ್ಟಲೆ ಬಿಸಿಲಲ್ಲಿ ಕೂತಿರುತ್ತೆ. ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ಹಳೇ ಟೈರನ್ನ ಪಾಲಿಶ್ ಹೊಡೆದು ಹೊಸ ಬೆಲೆಗೆ ಇಟ್ಟಿದ್ದನ್ನ ನಾನೇ ನೋಡಿದ್ದೇನೆ. ಅಂಕಿ ನೋಡದೆ ದುಡ್ಡು ಕೊಡಬೇಡಿ. ಕೋಲಾರದಲ್ಲಿ ಸಿಗದಿದ್ರೆ ಬೆಂಗಳೂರಿನ ಜೆ.ಸಿ. ರೋಡ್ ಕಡೆ ವಿಚಾರಿಸಿ, ಫೋನ್‌ನಲ್ಲೇ ತಯಾರಿ ವಾರ ಕೇಳಿ.

ಅಳತೆ ಪಕ್ಕದಲ್ಲಿ 54ಎಚ್, 66ಎಚ್ ಥರ ಬರೆದಿರುತ್ತೆ. ಅಂಕಿ ಹೊರುವ ಭಾರಕ್ಕೆ: 54 ಅಂದ್ರೆ 212 ಕೆ.ಜಿ., 66 ಅಂದ್ರೆ 300 ಕೆ.ಜಿ. ಅಕ್ಷರ ವೇಗಕ್ಕೆ: ಪಿ ಅಂದ್ರೆ ಗಂಟೆಗೆ 150 ಕಿ.ಮೀ., ಎಸ್ 180, ಎಚ್ 210, ವಿ 240, ಡಬ್ಲ್ಯೂ 270. ಕಂಪನಿ ಕೊಟ್ಟಿದ್ದಕ್ಕಿಂತ ಕಮ್ಮಿ ಇರೋದನ್ನ ಹಾಕಿಸಬೇಡಿ. ತಿರುಗೋ ದಿಕ್ಕಿನ ಬಾಣದ ಗುರುತೂ ಇರುತ್ತೆ, ಕೂರಿಸೋವಾಗ ಪಕ್ಕದಲ್ಲೇ ನಿಂತು ನೋಡಿ.

ಸೆಕೆಂಡ್ ಹ್ಯಾಂಡ್ ಸ್ಲಿಕ್ ಮೋಹ ಬೇಡ

ರೇಸ್‌ನವರು ತೆಗೆದು ಹಾಕಿದ ಸ್ಲಿಕ್ ಕಮ್ಮಿ ಬೆಲೆಗೆ ಮಾರಾಟಕ್ಕೆ ಬರ್ತವೆ. ನೋಡೋಕೆ ರಬ್ಬರ್ ತುಂಬಾ ಉಳಿದಿರುತ್ತೆ. ಆದ್ರೆ ಟೈರ್ ಒಂದು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದಾಗೆಲ್ಲಾ ರಬ್ಬರ್ ಸ್ವಲ್ಪ ಸ್ವಲ್ಪ ಗಟ್ಟಿ ಆಗ್ತಾ ಹೋಗುತ್ತೆ. ಅದು ಎಷ್ಟು ಸಲ ಕಾದಿದೆ ಅಂತ ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ಇಂಥದ್ದನ್ನ ತಂದು ತೇರಹಳ್ಳಿ ಬೆಟ್ಟದ ರಸ್ತೆಯಲ್ಲಿ ತಿರುವು ಹೊಡೆಯೋಕೆ ಹೋಗೋದು ಅಂದ್ರೆ ಜೀವದ ಜೊತೆ ಆಟ. ಅಲ್ಲಿ ಬಿಸಿ ಆಗಲ್ಲ, ಒಂದು ಹನಿ ನೀರು ಬಿದ್ರೆ ಹೊರಗೆ ತಳ್ಳೋಕೆ ಗೆರೆ ಇಲ್ಲ, ಎದುರಿಗೆ ಹಾಲಿನ ಗಾಡಿ ಬಂದ್ರೆ ಪಕ್ಕಕ್ಕೆ ಜಾಗ ಇಲ್ಲ.

ಗಾಳಿ: ಖರ್ಚಿಲ್ಲದೆ ಸಿಗೋ ಗ್ರಿಪ್

ಟೈರ್ ಬದಲಾಯಿಸೋ ಮುಂಚೆ ಗಾಳಿ ಸರಿ ಮಾಡ್ಕೊಳ್ಳೋದು ಕಲೀರಿ. ಒಂದು ಒಳ್ಳೆ ಗೇಜ್, ಒಂದು ಕಾಲಿನ ಪಂಪ್ ಸಾಕು. ಬಂಕ್‌ನ ಮೀಟರ್ ನಂಬಬೇಡಿ.

ಬೆಳಗ್ಗೆ ಟೈರ್ ತಣ್ಣಗಿದ್ದಾಗ ಬೈಕ್ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಇಟ್ಟು ಶುರು ಮಾಡಿ. ಒಂದು ಸರದಿ ಮುಗಿಸಿ ಪಿಟ್‌ಗೆ ಬಂದ ತಕ್ಷಣ, ತಣ್ಣಗಾಗೋ ಮುಂಚೆ, ಮತ್ತೆ ಅಳೆಯಿರಿ. ಬಿಸಿಗೆ ಗಾಳಿ ಹಿಗ್ಗಿ ಒತ್ತಡ ಏರಿರುತ್ತೆ. ರಸ್ತೆ ಟೈರ್‌ನಲ್ಲಿ 28 ಪಿಎಸ್‌ಐ ಇದ್ದದ್ದು 31, 32 ಆದ್ರೆ ಪರವಾಗಿಲ್ಲ. ಅದೇ 36 ಆಗಿದ್ರೆ ಟೈರ್ ಅತಿಯಾಗಿ ಕಾಯ್ತಾ ಇದೆ ಅಂತ ಅರ್ಥ. ಎಷ್ಟೋ ಸಲ ಇದಕ್ಕೆ ಕಾರಣ ಶುರುವಿನಲ್ಲಿ ಗಾಳಿ ತೀರಾ ಕಮ್ಮಿ ಇಟ್ಟಿರೋದು. ಗಾಳಿ ಕಮ್ಮಿ ಇದ್ರೆ ಟೈರ್ ಜಾಸ್ತಿ ಬಾಗಿ ಬಳುಕಿ ಇನ್ನೂ ಕಾಯುತ್ತೆ. ಅದಕ್ಕೇ "ಟ್ರ್ಯಾಕ್‌ಗೆ ಗಾಳಿ ಅರ್ಧ ಬಿಡು" ಅನ್ನೋ ಸಲಹೆ ಕೇಳಬೇಡಿ. ಬದಲಾವಣೆ ಒಂದು ಸಲಕ್ಕೆ 1ರಿಂದ 2 ಪಿಎಸ್‌ಐ ಮಾತ್ರ. ಚೆನ್ನೈ ಬೇಸಿಗೆಯಲ್ಲಿ ಮಧ್ಯಾಹ್ನ ಟ್ರ್ಯಾಕ್ ನೆಲ 50 ಡಿಗ್ರಿ ದಾಟೋದು ಸಾಮಾನ್ಯ, ಬೆಳಗ್ಗಿನ ಲೆಕ್ಕ ಮಧ್ಯಾಹ್ನಕ್ಕೆ ಬರಲ್ಲ. ಪ್ರತಿ ಸರದಿ ಆದಮೇಲೂ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ.

ಗಾಳಿ ಕಮ್ಮಿ ಮಾಡಿದ್ರೆ ಮನೆ ಕಡೆ ಹೊರಡೋ ಮುಂಚೆ ಮತ್ತೆ ತುಂಬಿಸೋದು ಮರೀಬೇಡಿ.

ಟೈರ್ ಮುಖ ನೋಡಿ ತಿಳ್ಕೊಳ್ಳಿ

ಸರದಿ ಮುಗಿದ ಮೇಲೆ ಟೈರ್ ಮೈ ಸಣ್ಣ ಮರಳು ಕಾಗದದ ಥರ ಒಂದೇ ಸಮ ಇದ್ರೆ ಎಲ್ಲಾ ಸರಿ ಇದೆ. ಚಕ್ಕೆ ಚಕ್ಕೆ ಹರಿದ ಹಾಗಿದ್ರೆ ಗಾಳಿ ಇಲ್ಲಾ ಸಸ್ಪೆನ್ಷನ್ ಸರಿ ಇಲ್ಲ, ಅಲ್ಲಿರೋ ತರಬೇತುದಾರರಿಗೆ ತೋರಿಸಿ. ಗಡಿಯಾರದ ದಿಕ್ಕಿನಲ್ಲಿ ಓಡಿಸೋ ಟ್ರ್ಯಾಕ್‌ನಲ್ಲಿ ಬಲ ತಿರುವು ಜಾಸ್ತಿ ಇರೋದ್ರಿಂದ ಬಲಗಡೆ ಬೇಗ ಸವೆಯೋದು ಸಹಜ. ಅಂಚಿನಲ್ಲಿ ಒಂದು ಬೆರಳು ಅಗಲ ಮುಟ್ಟದೇ ಉಳಿದಿದ್ರೆ ನಾಚಿಕೆ ಪಡೋದೇನೂ ಇಲ್ಲ. ಈಗಿರೋ ಟೈರ್‌ನಲ್ಲೇ ಇನ್ನೂ ಗ್ರಿಪ್ ಬಾಕಿ ಇದೆ ಅಂತ ಅರ್ಥ, ಅಂದ್ರೆ ಹೊಸ ಟೈರ್‌ನ ದುಡ್ಡು ಉಳೀತು.

ಹೊರಡೋ ಮುಂಚೆ ಇಷ್ಟು ನೋಡಿ

* ಹೊಸ ಟೈರ್ ಹಾಕಿಸಿದ ಮಾರನೇ ದಿನವೇ ಟ್ರ್ಯಾಕ್ ಬೇಡ. ಮೊದಲ 100 ಕಿ.ಮೀ. ನಿಧಾನಕ್ಕೆ ಓಡಿಸಿ, ಮೇಲಿನ ನುಣುಪು ಹೋಗಲಿ.
* ಪಂಕ್ಚರ್ ಹಾಕಿದ ಟೈರ್ ಟ್ರ್ಯಾಕ್‌ಗೆ ಬೇಡವೇ ಬೇಡ. ಆ ವೇಗ, ಆ ಬಿಸಿಗೆ ತೇಪೆ ನಿಲ್ಲುತ್ತೆ ಅನ್ನೋ ಭರವಸೆ ಇಲ್ಲ.
* ಗೆರೆಯೊಳಗಿನ ಟಿಡಬ್ಲ್ಯೂಐ ಉಬ್ಬಿನ ಹತ್ತಿರಕ್ಕೆ ಸವೆದಿದ್ರೆ ಹೋಗಬೇಡಿ. ವಾಪಸ್ ಬರೋಕೂ ರಬ್ಬರ್ ಬೇಕು.
* ವಾಲ್ವ್‌ಗೆ ಮುಚ್ಚಳ ಇರಲಿ, ಲೋಹದ್ದಾದ್ರೆ ಒಳ್ಳೇದು.
* ಪ್ರತಿ ಸರದಿಯ ಮೊದಲ ಎರಡು ಸುತ್ತು ಟೈರ್ ಬಿಸಿ ಮಾಡೋಕೆ ಮೀಸಲು. ಊಟ ಆದಮೇಲಿನ ಸರದಿಯಲ್ಲಿ ಇನ್ನೂ ಹುಷಾರು, ಟೈರ್ ತಣ್ಣಗಾಗಿರುತ್ತೆ, ಕಣ್ಣೂ ಎಳೀತಾ ಇರುತ್ತೆ.
* ಮಾಮೂಲಿ ಬೈಕ್ ವಿಮೆಯಲ್ಲಿ ರೇಸ್, ವೇಗ ಪರೀಕ್ಷೆಗೆ ಪರಿಹಾರ ಇರಲ್ಲ. ಪಾಲಿಸಿ ಓದ್ಕೊಳ್ಳಿ.

ಒಂದು ಜೋಡಿ ಒಳ್ಳೆ ಟೈರ್ ಅಂದ್ರೆ ನಮ್ಮಲ್ಲಿ ಎಷ್ಟೋ ಹುಡುಗರಿಗೆ ತಿಂಗಳ ಸಂಬಳದ ದೊಡ್ಡ ಪಾಲು. ಮೊದಲ ಸಲ ಹೋಗೋರು ಆ ದುಡ್ಡಲ್ಲಿ ಸ್ವಲ್ಪ ಉಳಿಸಿ ತರಬೇತಿ ಇರೋ ಟ್ರ್ಯಾಕ್ ಡೇಗೆ ಸೇರ್ಕೊಳ್ಳಿ. ಬ್ರೇಕ್ ಎಲ್ಲಿ ಹಿಡೀಬೇಕು, ಕಣ್ಣು ಎಲ್ಲಿಡಬೇಕು ಅಂತ ಕಲಿತ್ರೆ ಅದು ಸವೆಯಲ್ಲ. ವೇಗದ ಆಸೆ ಇದ್ರೆ ಟ್ರ್ಯಾಕ್‌ನಲ್ಲಿ ತೀರಿಸ್ಕೊಳ್ಳಿ, ನಮ್ಮೂರ ರಸ್ತೆಯಲ್ಲಿ ಬೇಡ.