ಲಕೋಟ ಮಹಿಳೆಯರಲ್ಲಿ ಹಿಂಸೆಯ ನಂತರದ ಚೇತರಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಡಕೋಟ ರಾಜ್ಯದ ರೋಸ್‌ಬಡ್, ಪೈನ್ ರಿಡ್ಜ್ ಮೊದಲಾದ ಮೀಸಲು ಪ್ರದೇಶಗಳಲ್ಲಿ ಲಕೋಟ ಬುಡಕಟ್ಟಿನವರು ನೆಲೆಸಿದ್ದಾರೆ. ಅವರಲ್ಲಿ ಗಂಡನ ಹೊಡೆತ, ಲೈಂಗಿಕ ದೌರ್ಜನ್ಯಗಳಿಗೆ ಗುರಿಯಾದ ಹೆಂಗಸರೂ ಅವರ ಬೆನ್ನಿಗೆ ನಿಲ್ಲುವ ಕಾರ್ಯಕರ್ತೆಯರೂ ಚೇತರಿಸಿಕೊಳ್ಳಲು ಆಸ್ಪತ್ರೆ ಹಾಗೂ ಆಪ್ತಸಮಾಲೋಚನೆಯ ಜೊತೆಗೆ ಬುಡಕಟ್ಟಿನ ಆಚರಣೆಗಳನ್ನೂ ಆಶ್ರಯಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕನ್ ಇಂಡಿಯನ್ ಮತ್ತು ಅಲಾಸ್ಕದ ಮೂಲನಿವಾಸಿ ಮಹಿಳೆಯರಲ್ಲಿ ಶೇ. 84.3ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದಾರೆ. ಇದು ಇಡೀ ದೇಶದ ಅಂದಾಜು. ಇದನ್ನು ಯಾವುದೇ ಒಂದು ಬುಡಕಟ್ಟಿಗೆ ಹಾಗೆಯೇ ಅನ್ವಯಿಸಲಾಗದು.

ಪುರಾಣದ ಆಧಾರ

ಲಕೋಟರಿಗೆ ಪವಿತ್ರ ಚಿಲುಮೆಯನ್ನೂ ಅದರೊಡನೆ ಏಳು ವಿಧಿಗಳನ್ನೂ ತಂದುಕೊಟ್ಟವಳು ಬಿಳಿ ಕಾಡೆಮ್ಮೆ ಕರುವಿನ ದೇವತೆ. ಅವಳನ್ನು ಮೊದಲು ಕಂಡ ಇಬ್ಬರು ಬೇಟೆಗಾರರಲ್ಲಿ ಒಬ್ಬ ಕೆಟ್ಟ ಆಸೆಯಿಂದ ಮುಂದುವರಿದು, ಮುಸುಕಿದ ಮಂಜಿನೊಳಗೆ ಬರಿಯ ಮೂಳೆಯಾಗಿ ಉಳಿದನೆಂದು ಕಥೆ. ಹೆಣ್ಣಿನ ಮೇಲೆ ಕೈಮಾಡುವುದು ಲಕೋಟ ಸಂಪ್ರದಾಯವೇ ಎಂಬ ವಾದಕ್ಕೆ ಕಾರ್ಯಕರ್ತೆಯರು ಮೊದಲು ಎತ್ತುವ ಉತ್ತರ ಇದೇ. ರೋಸ್‌ಬಡ್‌ನಲ್ಲಿ 1977ರಲ್ಲಿ ಹುಟ್ಟಿದ ಮಹಿಳಾ ಸಂಘಟನೆ ಈ ದೇವತೆಯ ಹೆಸರನ್ನೇ ಇಟ್ಟುಕೊಂಡಿತು. ಮೀಸಲು ಪ್ರದೇಶದೊಳಗೆ ಸಂತ್ರಸ್ತೆಯರಿಗಾಗಿ ಆಶ್ರಯಧಾಮ ತೆರೆದ ಮೊದಲಿಗರಲ್ಲಿ ಅದೂ ಒಂದು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಟಿಲಿ ಬ್ಲ್ಯಾಕ್ ಬೇರ್ (ನಿಧನ 2014) 1978ರಲ್ಲಿ ವಾಷಿಂಗ್ಟನ್‌ನಲ್ಲಿ ನಾಗರಿಕ ಹಕ್ಕುಗಳ ಆಯೋಗದ ಮುಂದೆ ಹೇಳಿಕೆ ನೀಡಿದ್ದರು.

ನಿಷೇಧಕ್ಕೊಳಗಾದ ಶೋಕ

ಏಳು ವಿಧಿಗಳಲ್ಲಿ ಒಂದು ಆತ್ಮವನ್ನು ಕಾಪಿಡುವ ವಿಧಿ. ತೀರಿಕೊಂಡವರ ಒಂದು ಕುಚ್ಚು ಕೂದಲನ್ನು ಗಂಟು ಕಟ್ಟಿ, ಸಾಮಾನ್ಯವಾಗಿ ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಅದಕ್ಕೆ ಎಡೆಯಿಟ್ಟು ನೋಡಿಕೊಳ್ಳುತ್ತಿದ್ದರು. ಅವಧಿ ತುಂಬಿದಾಗ ಊರಿಗೆಲ್ಲ ಊಟ ಹಾಕಿ, ಇದ್ದಬದ್ದ ವಸ್ತುಗಳನ್ನು ದಾನ ಮಾಡಿ ಆತ್ಮವನ್ನು ಬೀಳ್ಕೊಡುತ್ತಿದ್ದರು. ದುಃಖಕ್ಕೆ ಹೀಗೊಂದು ಗಡುವೂ ಸಾಕ್ಷಿಯೂ ಇದ್ದವು. 1883ರ ಇಂಡಿಯನ್ ಅಪರಾಧ ಸಂಹಿತೆ ಸೂರ್ಯನೃತ್ಯವನ್ನೂ ವೈದ್ಯ-ಪುರೋಹಿತರ ಆಚರಣೆಗಳನ್ನೂ ಶಿಕ್ಷಾರ್ಹಗೊಳಿಸಿತು. ಲಕೋಟ ಧಾರ್ಮಿಕ ಹಿರಿಯ ಬ್ಲ್ಯಾಕ್ ಎಲ್ಕ್ ಹೇಳಿದ್ದನ್ನು ಆಧರಿಸಿ ಜೋಸೆಫ್ ಎಪ್ಸ್ ಬ್ರೌನ್ 1953ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕಿಂತ ಕಠೋರವಾದ ಸಂಗತಿಯೊಂದಿದೆ: 1890ರಲ್ಲಿ ಸರ್ಕಾರ ಈ ವಿಧಿಯನ್ನು ನಿಷೇಧಿಸಿ, ಇಟ್ಟುಕೊಂಡ ಆತ್ಮಗಳನ್ನೆಲ್ಲ ಗೊತ್ತುಪಡಿಸಿದ ಒಂದೇ ದಿನ ಬಿಟ್ಟುಬಿಡಬೇಕೆಂದು ಆಜ್ಞಾಪಿಸಿತು. ಅದೇ ವರ್ಷದ ಡಿಸೆಂಬರ್ 29ರಂದು ಅಮೆರಿಕದ ಸೈನ್ಯ ಲಕೋಟರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆಯಿತು. ಸತ್ತವರಿಗಾಗಿ ಅಳುವ ಕ್ರಮವನ್ನೇ ಕಿತ್ತುಕೊಂಡಿದ್ದ ಹೊತ್ತಿನಲ್ಲಿ ನೂರಾರು ಸಾವುಗಳು ಬಂದವು.

ಸಮಾಜಕಾರ್ಯ ವಿದ್ವಾಂಸೆ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ತಮ್ಮ ಸಿದ್ಧಾಂತವನ್ನು ಕಟ್ಟಿದ್ದು ಇಲ್ಲಿಂದಲೇ. ತೀರದ ಶೋಕ ತಲೆಮಾರಿನಿಂದ ತಲೆಮಾರಿಗೆ ಇಳಿದು ಕುಡಿತ, ಖಿನ್ನತೆ, ಮನೆಯೊಳಗಿನ ಹಿಂಸೆಗಳಿಗೆ ದಾರಿ ಮಾಡುತ್ತದೆ ಎಂಬುದು ಅವರ ವಾದ. ಇದನ್ನು ಅವರು ಚಾರಿತ್ರಿಕ ಆಘಾತವೆಂದು ಕರೆದರು. 1992ರಲ್ಲಿ ಕಪ್ಪು ಬೆಟ್ಟಗಳಲ್ಲಿ (ಬ್ಲ್ಯಾಕ್ ಹಿಲ್ಸ್) ಅವರು ನಡೆಸಿದ ನಾಲ್ಕು ದಿನಗಳ ಶಿಬಿರದಲ್ಲಿ ಭಾಗವಹಿಸಿದ 45 ಮಂದಿಯೂ ಸೇವಾ ಕ್ಷೇತ್ರದಲ್ಲಿ ದುಡಿಯುತ್ತಿದ್ದವರು ಎಂಬುದನ್ನು ಗಮನಿಸಬೇಕು. ಗುಣಪಡಿಸಬೇಕಾದವರೇ ಮೊದಲು ಗುಣವಾಗಲಿ ಎಂಬ ಆಯ್ಕೆ ಅದು. ಫಲಿತಾಂಶ ಆಶಾದಾಯಕವಾಗಿದ್ದರೂ ಅದು ಬಹುಮಟ್ಟಿಗೆ ಭಾಗವಹಿಸಿದವರ ಸ್ವಂತ ಹೇಳಿಕೆಗಳನ್ನು ಅವಲಂಬಿಸಿತ್ತು. ಎಲ್ಲ ಹಿಂಸೆಗೂ ಇತಿಹಾಸವನ್ನೇ ಕಾರಣವಾಗಿಸಿದರೆ ಹೊಡೆದವನ ಹೊಣೆ ಜಾರಿಹೋದೀತು ಎಂಬ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಕಿತ್ತುಕೊಂಡ ಶೋಕವನ್ನು ಮರಳಿ ಪಡೆಯುವ ಯತ್ನ ಈ ಶಿಬಿರಕ್ಕೂ ಮುನ್ನವೇ ನಡೆದಿತ್ತು: 1986ರಿಂದ 1990ರವರೆಗೆ ಪ್ರತಿ ಡಿಸೆಂಬರಿನ ಚಳಿಯಲ್ಲಿ ಲಕೋಟ ಸವಾರರು ವೂಂಡೆಡ್ ನೀಗೆ ಕುದುರೆಯೇರಿ ಹೋಗಿ, ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದಾಗ ಕಣ್ಣೀರೊರೆಸುವ ವಿಧಿಯನ್ನು ನೆರವೇರಿಸಿದ್ದರು.

ಇಂದಿನ ರೂಢಿ

ಹೆಚ್ಚು ಬಳಕೆಯಲ್ಲಿರುವುದು ಬೆವರುಗುಡಿಸಲಿನ ಶುದ್ಧಿವಿಧಿ, ಇನಿಪಿ. ಎಳೆಯ ವಿಲೋ ಕೊಂಬೆಗಳನ್ನು ಬಾಗಿಸಿ ಕಟ್ಟಿದ ಗುಮ್ಮಟವನ್ನು ದಪ್ಪ ಹೊದಿಕೆಯಿಂದ ಮುಚ್ಚಿ, ಹೊರಗೆ ಕಾಯಿಸಿದ ಕಲ್ಲುಗಳನ್ನು ಒಳತಂದು ನೀರು ಸುರಿಯುತ್ತಾರೆ. ಪ್ರಾರ್ಥನೆ ನಾಲ್ಕು ಸುತ್ತುಗಳಲ್ಲಿ ಸಾಗುತ್ತದೆ. ಕತ್ತಲು, ಇಕ್ಕಟ್ಟು, ಉಸಿರು ಕಟ್ಟುವ ಬಿಸಿ ಎಲ್ಲ ಸಂತ್ರಸ್ತೆಯರಿಗೂ ಒಗ್ಗಲಾರದು. ಹೆಂಗಸರಷ್ಟೇ ಕೂರುವ ಗುಡಿಸಲು, ಬಯಸಿದಾಗ ಹೊರಬರುವ ಸ್ವಾತಂತ್ರ್ಯ ಇವು ಇದ್ದರೆ ಒಳ್ಳೆಯದು. ಸೇಜ್ ಎಲೆಯ ಹೊಗೆ ಹಿಡಿಯುವುದು, ಗರಿಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತ ಸುತ್ತ ಕೂತು ಮಾತಾಡುವುದು ಇವು ಸರಳವಾದ ಕ್ರಮಗಳು.

ಕಾನೂನು

1978ರ ಆಲಿಫೆಂಟ್ ತೀರ್ಪು ಇಂಡಿಯನ್ನರಲ್ಲದವರನ್ನು ಶಿಕ್ಷಿಸುವ ಅಧಿಕಾರ ಬುಡಕಟ್ಟಿನ ನ್ಯಾಯಾಲಯಗಳಿಗಿಲ್ಲ ಎಂದಿತು. ಅದೇ ವರ್ಷ ಬಂದ ಇಂಡಿಯನ್ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆ ಹಿಂದೆ ನಿಷೇಧಕ್ಕೊಳಗಾಗಿದ್ದ ಆಚರಣೆಗಳನ್ನು ರಕ್ಷಿಸುವುದೇ ಸರ್ಕಾರದ ನೀತಿಯೆಂದು ಸಾರಿತು. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾಯಿದೆಗೆ ಬಂದ 2013ರ ತಿದ್ದುಪಡಿ ಕೌಟುಂಬಿಕ ಹಿಂಸೆಯ ಮಟ್ಟಿಗೆ ಶಿಕ್ಷಿಸುವ ಅಧಿಕಾರವನ್ನು ಬುಡಕಟ್ಟಿನ ನ್ಯಾಯಾಲಯಗಳಿಗೆ ಮರಳಿಸಿದರೆ, 2022ರದು ಅದನ್ನು ಲೈಂಗಿಕ ಹಿಂಸೆಗೂ ಹಿಂಬಾಲಿಸಿ ಕಾಡುವುದಕ್ಕೂ ವಿಸ್ತರಿಸಿತು.

ಕಾರ್ಯಕರ್ತೆಯರು

ಸಣ್ಣ ಊರಿನಲ್ಲಿ ಕಾರ್ಯಕರ್ತೆಗೆ ಸಂತ್ರಸ್ತೆಯೂ ಆರೋಪಿಯೂ ನೆಂಟರೇ ಆಗಿರುವುದುಂಟು. ಕೆಲಸ ಮುಗಿಸಿ ಮನೆಗೆ ಹೋದರೂ ವಿಷಯ ಬೆನ್ನು ಬಿಡದು. ಆದ್ದರಿಂದ ಇವರ ಆತ್ಮಪಾಲನೆಗೆ ರಜೆ, ವಿಶ್ರಾಂತಿಗಳಷ್ಟೇ ಸಾಲವು. ಹಿರಿಯಜ್ಜಿಯರ ಜೊತೆ ಕೂರುವುದು, ತಾವೇ ಇನಿಪಿಗೆ ಹೋಗುವುದು ಅದರ ಭಾಗವಾಗಿವೆ. 2017ರಲ್ಲಿ ಆರಂಭವಾದ ಸ್ಟ್ರಾಂಗ್‌ಹಾರ್ಟ್ಸ್ ಸಹಾಯವಾಣಿ ಮೂಲನಿವಾಸಿಗಳಿಗೆಂದೇ ಇದೆ. ಊರಿನವರ ಕಿವಿಗೆ ಬೀಳದಂತೆ ಮಾತಾಡಬೇಕೆನ್ನುವವರು ಹೆಸರು ಹೇಳದೆಯೂ ಅದಕ್ಕೆ ಕರೆಮಾಡಬಹುದು.