ಕರ್ಜನ್ ರಸ್ತೆಯ ಆಲದ ಮರ

ಹೊಸದೆಹಲಿಯ ಕನ್ನಾಟ್ ಪ್ಲೇಸ್‌ನಿಂದ ಹೊರಡುವ ಒಂದು ರಸ್ತೆಗೆ ಬ್ರಿಟಿಷರು ಕರ್ಜನ್ ರಸ್ತೆ ಎಂದು ಹೆಸರಿಟ್ಟಿದ್ದರು. 1905ರಲ್ಲಿ ಬಂಗಾಳವನ್ನು ಎರಡು ಹೋಳು ಮಾಡಿದ ವೈಸರಾಯ್ ಇವನೇ ಎಂದು ನಾವೆಲ್ಲ ಸಮಾಜ ವಿಜ್ಞಾನದ ಪಾಠದಲ್ಲಿ ಬಾಯಿಪಾಠ ಮಾಡಿದವರೇ. ಸ್ವಾತಂತ್ರ್ಯ ಬಂದ ಮೇಲೆ ಆ ರಸ್ತೆ ಕಸ್ತೂರ್ಬಾ ಗಾಂಧಿ ಮಾರ್ಗವಾಯಿತು. ಅಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಕಟ್ಟಡವಿದೆ. ಗ್ರಂಥಾಲಯ, ಸಭಾಂಗಣ, ಕಲಾ ಗ್ಯಾಲರಿ ಮತ್ತು ಕಚೇರಿಗಳಿಗಾಗಿ ಕಟ್ಟಿ, 1992ರಲ್ಲಿ ಮುಗಿಸಿದ್ದು. ಅದರ ಮುಂಭಾಗದ ಗೋಡೆಯನ್ನು ಒಂದು ಬೃಹತ್ ಚಿತ್ರ ಆವರಿಸಿದೆ. ಕಪ್ಪು, ಬಿಳುಪು ಎರಡೇ ಬಣ್ಣ. ಬಣ್ಣ ಎನ್ನುವುದಕ್ಕಿಂತ ಎರಡು ಕಲ್ಲು ಎನ್ನಬೇಕು.

ಚಿತ್ರ ಹೋವರ್ಡ್ ಹಾಡ್ಜ್‌ಕಿನ್ ಎಂಬ ಇಂಗ್ಲಿಷ್ ಕಲಾವಿದರದು. ಹುಟ್ಟಿದ್ದು 1932ರಲ್ಲಿ, ಲಂಡನ್ನಿನಲ್ಲಿ. ಭಾರತದ ಹುಚ್ಚು ಹತ್ತಿದ್ದು ಶಾಲೆಯಲ್ಲಿ. ಈಟನ್ ಶಾಲೆಯ ಚಿತ್ರಕಲಾ ಮೇಷ್ಟ್ರು ವಿಲ್ಫ್ರಿಡ್ ಬ್ಲಂಟ್ ಹುಡುಗರಿಗೆ ಭಾರತದ ಕಿರುಚಿತ್ರಗಳನ್ನು ತೋರಿಸುತ್ತಿದ್ದರು. ಆ ಹುಡುಗ ಅಂದಿನಿಂದಲೇ ಅವುಗಳನ್ನು ಕೂಡಿಹಾಕಲು ಆರಂಭಿಸಿದ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳು ಇದನ್ನು ಸ್ವಲ್ಪ ಗಮನಿಸಬೇಕು.

ಅವರು ಭಾರತಕ್ಕೆ ಮೊದಲು ಬಂದದ್ದು 1964ರಲ್ಲಿ. ಆಮೇಲೆ ಮತ್ತೆ ಮತ್ತೆ ಬಂದರು. ರೈಲಿನ ಕಿಟಕಿಯಿಂದ ಕಂಡ ನೋಟಗಳ ನೆನಪಿನ ಮೇಲೆ 1971ರಲ್ಲಿ 12 ಮುದ್ರಣ ಚಿತ್ರಗಳ ಒಂದು ಸರಣಿ ಮಾಡಿದರು. ಅವುಗಳಲ್ಲಿ ಊರಿಲ್ಲ, ಎತ್ತಿನ ಗಾಡಿಯಿಲ್ಲ. ಬಣ್ಣದ ಪಟ್ಟಿಗಳಿವೆ, ಸುತ್ತ ಕಿಟಕಿಯ ಚೌಕಟ್ಟಿದೆ. ಸಂಜೆ ಹೊತ್ತು ಸ್ಲೀಪರ್ ಬೋಗಿಯಲ್ಲಿ ಕುಳಿತು ಹೊರಗೆ ನೋಡಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜನ ಅವರನ್ನು ಅಮೂರ್ತ ಕಲಾವಿದ ಎಂದು ಕರೆದರೂ ಅವರು ಅದನ್ನು ಒಪ್ಪುತ್ತಿರಲಿಲ್ಲ. ತಾನು ಬರೆಯುವುದು ನಿಜವಾಗಿ ನಡೆದದ್ದನ್ನೇ, ಆದರೆ ಅದರ ರೂಪವನ್ನಲ್ಲ, ಆಗಿನ ಭಾವವನ್ನು ಎನ್ನುವುದು ಅವರ ವಾದ. ಕ್ಯಾನ್ವಾಸ್ ಬಿಟ್ಟು ಮರದ ಹಲಗೆಯ ಮೇಲೆ, ಚೌಕಟ್ಟಿನ ಮೇಲೂ ಬಣ್ಣ ಹರಿಸಿ, ಒಂದೊಂದು ಚಿತ್ರಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದರು. 1985ರಲ್ಲಿ ಟರ್ನರ್ ಪ್ರಶಸ್ತಿ ಬಂತು.

ಇಷ್ಟೊಂದು ಬಣ್ಣದ ಮನುಷ್ಯ ದೆಹಲಿಯ ಗೋಡೆಗೆ ಬಂದಾಗ ಬಣ್ಣವನ್ನೇ ಕೈಬಿಟ್ಟರು. ಆಯ್ದುಕೊಂಡದ್ದು ರಾಜಸ್ಥಾನದ ಮಕ್ರಾನಾ ಅಮೃತಶಿಲೆ ಮತ್ತು ಕಡಪಾ ಕಲ್ಲು. ಮಕ್ರಾನಾ ಎಂದರೆ ತಾಜಮಹಲಿನ ಕಲ್ಲು. ಕಡಪಾ ಎಂದರೆ ನಮ್ಮೆಲ್ಲರ ಮನೆಯ ಅಡುಗೆ ಕಟ್ಟೆ, ಗೋಡೆಯ ಗೂಡು, ಬಚ್ಚಲಿನ ಹಾಸು. ಷಹಜಹಾನನ ಕಲ್ಲಿನ ಪಕ್ಕಕ್ಕೆ ಅಡುಗೆಮನೆಯ ಕಲ್ಲನ್ನು ಸರಿಸಮನಾಗಿ ತಂದು ಕೂರಿಸಿದ ಇನ್ನೊಂದು ಗೋಡೆಯನ್ನು ನಾನಂತೂ ಕಂಡಿಲ್ಲ.

ನನ್ನ ತಂದೆ ಗಾರೆ ಮೇಸ್ತ್ರಿ. ರಜೆಯಲ್ಲಿ ಅವರ ಜೊತೆ ಹೋಗಿ ಕಲ್ಲು ಹಿಡಿದವನು ನಾನು. ಕಡಪಾ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಚಪ್ಪಡಿಯಾಗಿ ಸುಲಭವಾಗಿ ಸಿಗುತ್ತದೆ, ನೇರವಾಗಿ ಕತ್ತರಿಸಿದರೆ ಮಾತು ಕೇಳುತ್ತದೆ. ಬಾಗಿಸಿ ಕೊಯ್ಯಲು ಹೋದರೆ ಅಂಚು ಎದ್ದು ಬರುತ್ತದೆ. ಕಂಪನಿಯ ಕೆಲಸದ ಮೇಲೆ ದೆಹಲಿಗೆ ಹೋದಾಗ ಆ ಗೋಡೆ ನೋಡಿದೆ. ಕಣ್ಣು ಮೊದಲು ಹೋದದ್ದು ಕಪ್ಪು ಬಿಳಿ ಸೇರುವ ಗೆರೆಗೆ. ಆ ಗೆರೆ ಎಲ್ಲೂ ನೆಟ್ಟಗಿಲ್ಲ. ನಕ್ಷೆ ಕಲಾವಿದನದು, ಆದರೆ ಕಲ್ಲು ಕೊಯ್ದು ಕೂರಿಸಿದ್ದು ಕುಶಲ ಕೆಲಸಗಾರರ ಕೈ. ಫೋಟೋ ತೋರಿಸಿದಾಗ ಅಪ್ಪ ಚಿತ್ರ ಏನೆಂದು ಕೇಳಲಿಲ್ಲ, “ಚದರಕ್ಕೆ ಎಷ್ಟು ಕೂಲಿ ಕೊಟ್ಟರಂತೆ?” ಎಂದು ಕೇಳಿದರು.

ಚಿತ್ರ ಏನು ಎಂದರೆ, ಆಲದ ಮರ. ಮರ ಎನ್ನುವುದಕ್ಕಿಂತ ಅದರ ನೆರಳು. ಬಿಳಿ ಗೋಡೆಯ ಮೇಲೆ ಕಪ್ಪು ಕೊಂಬೆಗಳು, ಎಲೆಗಳು ಹರಡಿದಂತೆ ಕಾಣುತ್ತದೆ. ಹತ್ತಿರ ಹೋದರೆ ಬರೀ ಕಪ್ಪು ತೇಪೆ. ರಸ್ತೆಯಾಚೆ ನಿಂತರೆ ಮರ.

ಕಟ್ಟಡದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸಾಬರಮತಿಯ ಗಾಂಧಿ ಸಂಗ್ರಹಾಲಯ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೂ ಅವರವೇ. ಇಲ್ಲಿ ಅವರು ಮುಂಬಾಗಿಲಿನಿಂದ ಹಿತ್ತಿಲಿನವರೆಗೆ ಒಂದು ನೇರ ಗೆರೆ ಎಳೆದು, ಅದರ ಮೇಲೆ ಈ ದೇಶದ ಇತಿಹಾಸದ ಮೂರು ಪದರಗಳನ್ನಿಟ್ಟರು. ತುದಿಯಲ್ಲಿ ಬಿಂದುವನ್ನು ಸೂಚಿಸುವ ಸುರುಳಿ, ನಡುವಿನ ಅಂಗಳದಲ್ಲಿ ಇಸ್ಲಾಮಿನ ಚಾರ್‌ಬಾಗ್, ಈಚೆಗೆ ಯೂರೋಪಿನ ವೈಚಾರಿಕ ಯುಗದ ಒಂದು ಕಲ್ಲಿನ ವಿನ್ಯಾಸ. ಇವೆಲ್ಲದರ ಮುಂದೆ, ರಸ್ತೆಗೆ ಮುಖ ಮಾಡಿ, ಹಾಡ್ಜ್‌ಕಿನ್ನರ ಮರ.

ಈ ಮೂರು ಪದರಗಳ ಲೆಕ್ಕ ನನಗೆ ಸ್ವಲ್ಪ ಅತಿ ಸರಳ ಎನಿಸುತ್ತದೆ. ಬುದ್ಧ ಎಲ್ಲಿ, ಬಸವಣ್ಣ ಎಲ್ಲಿ ಎಂದು ನಮ್ಮೂರಿನ ಯಾರೂ ಕೇಳಬಹುದು. ಆಳಿದವರ ಪಾಲಿಗೆ ವಿಜ್ಞಾನ, ಪ್ರಗತಿ ಮಾತ್ರ ಬಂದು, ಬಂಗಾಳದ ವಿಭಜನೆಯಂಥವು ಎಲ್ಲಿಯೂ ಬರದಿರುವುದೂ ಸರಿಯಲ್ಲ. ಆದರೆ ಗೋಡೆಯ ಬಗ್ಗೆ ಆ ದೂರು ಇಲ್ಲ. ಕರ್ಜನ್ನನ ಹೆಸರು ಅಳಿಸಿದ ರಸ್ತೆಯಲ್ಲಿ ಬ್ರಿಟನ್ನಿನ ಕಲಾವಿದ ಸಿಂಹವನ್ನೂ ಕಿರೀಟವನ್ನೂ ಬರೆಯದೆ, ನಮ್ಮ ಊರ ಕಟ್ಟೆಯ ಮರವನ್ನು ಬರೆದರು. ಪುಸ್ತಕಕ್ಕೆ ಬಂದವರಿಗೂ ಬಸ್ಸಿಗೆ ಹೋಗುವವರಿಗೂ ಅದು ಒಂದೇ ಥರ ಕಾಣುತ್ತದೆ, ಟಿಕೆಟ್ ಇಲ್ಲ.

ಅವರು ಕೂಡಿಹಾಕಿದ ಚಿತ್ರಗಳ ಕಥೆ ಬೇರೆ. ಅವುಗಳಲ್ಲಿ ನಮ್ಮ ಬಿಜಾಪುರದ್ದೂ ಇದ್ದವು. ಗೋಲಗುಮ್ಮಟದ ಮುಹಮ್ಮದ್ ಆದಿಲ್ ಶಾಹ ಆನೆಯ ಮೇಲೆ ಕುಳಿತಿದ್ದಾನೆ, ಅವನ ಹಿಂದೆ ಹಬಶಿ ಮೂಲದ ಮಂತ್ರಿ ಇಖ್ಲಾಸ್ ಖಾನ್. ಸುಮಾರು 1645ರ ಚಿತ್ರ, ಬರೆದವರು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್. ಹಾಡ್ಜ್‌ಕಿನ್ 2017ರಲ್ಲಿ ತೀರಿಕೊಂಡರು. ಸಂಗ್ರಹದ 80ಕ್ಕೂ ಹೆಚ್ಚು ಚಿತ್ರಗಳನ್ನು 2022ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಡೆಯಿತು. ಬಿಜಾಪುರದ ಹುಡುಗನೊಬ್ಬ ತನ್ನೂರಿನ ಸುಲ್ತಾನನ ಆನೆಯನ್ನು ಅಸಲಿನಲ್ಲಿ ನೋಡಬೇಕಾದರೆ ಪಾಸ್‌ಪೋರ್ಟ್ ಮಾಡಿಸಬೇಕು. ಚೆನ್ನಾಗಿ ಕಾಪಾಡಿದರು ಎನ್ನುವುದು ನಿಜ. ನಮ್ಮಲ್ಲೇ ಉಳಿಯಬೇಕಿತ್ತು ಎನ್ನುವುದೂ ನಿಜ.

ಗೋಡೆಯನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಲಾರರು. ದೆಹಲಿ ಪ್ರವಾಸಕ್ಕೆ ಹೋಗುವ ನಮ್ಮ ಶಾಲೆಯ ಮಕ್ಕಳು ಬಾರಾಖಂಬಾ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಮೊದಲು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ.